ಮಾಗಿ ಬಿಸಿಲು ಇರುವಾಗಲೇ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಈಗ ಒಂದೇ ದಿನದಲ್ಲಿ ಎರಡು ಕಾಲ. ಬೆಳಿಗ್ಗೆ ಸ್ವೆಟರ್ ಇಲ್ಲದೆ ಅಂಗಳಕ್ಕೆ ಇಳಿಯೋಕೆ ಆಗಲ್ಲ, ಮಧ್ಯಾಹ್ನ ಅದೇ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ. ರಾತ್ರಿ 13-14 ಡಿಗ್ರಿಗೆ ಇಳಿಯುತ್ತದೆ, ಮಧ್ಯಾಹ್ನ 32ರ ಹತ್ತಿರ ಹೋಗುತ್ತದೆ. ಬೆಂಗಳೂರಿನಲ್ಲಿರುವ ತಂಗಿ ಫೋನ್ ಮಾಡಿದಾಗ, "ಅಣ್ಣ, ಇಲ್ಲಿ ಚಳಿ ಮುಗಿದೇ ಹೋಯ್ತು, ರಗ್ಗೆಲ್ಲಾ ಎತ್ತಿಟ್ಟೆ" ಅಂದಳು. ನಮ್ಮಲ್ಲಿ ಮುಗಿದಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನೋ ಮಾತು ಎಲ್ಲರಿಗೂ ಗೊತ್ತು. ಶಿವರಾತ್ರಿ ಬರುವುದು ಮಾಘ ಬಹುಳ ಚತುರ್ದಶಿಗೆ, ಮಾಘ ಮಾಸ ಮುಗಿಯುವ ಹೊತ್ತಿಗೆ. ಅಂದರೆ ಮಾಘ ಪೂರ್ತಿ ಚಳಿಯದ್ದೇ ಅಂತ ಹಿರಿಯರೇ ಬಿಟ್ಟುಕೊಟ್ಟಿದ್ದಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲೂ ಜನವರಿ, ಫೆಬ್ರವರಿ ಎರಡೂ ಚಳಿಗಾಲದ ತಿಂಗಳುಗಳು.

ಚಳಿಗಾಲಕ್ಕೆ ತಯಾರಿ ಅಂದರೆ ದೀಪಾವಳಿ ಹೊತ್ತಿಗೆ ಸ್ವೆಟರ್ ಹೊರಗೆ ತೆಗೆಯುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪೇಟೆಯಲ್ಲಿ ಅಷ್ಟು ಸಾಕಾಗಬಹುದು. ಮಲೆನಾಡಿನಲ್ಲಿ ಮುಂದಿನ ಚಳಿಗೆ ತಯಾರಿ ನಡೆಯಬೇಕಾದದ್ದು ಈಗ, ಈ ಚಳಿ ಇನ್ನೂ ಹೋಗುವ ಮೊದಲೇ. ಯಾಕೆಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ಒಂದು ಬಟ್ಟೆ ಕೂಡ ಸರಿಯಾಗಿ ಒಣಗುವುದಿಲ್ಲ. ಏಪ್ರಿಲ್ ಬಂತೆಂದರೆ ಸಂಜೆ ಗುಡುಗು, ಅಡ್ಡಮಳೆ ಶುರು. ಆಕಾಶ ತಿಳಿಯಾಗಿ, ಗಾಳಿ ಒಣಗಿ, ಬಿಸಿಲು ನೇರವಾಗಿ ಬೀಳುವ ದಿನಗಳು ಅಂದರೆ ಇವೇ ಎರಡು ಎರಡೂವರೆ ತಿಂಗಳು. ಅಡಿಕೆ, ಮೆಣಸು, ಕಟ್ಟಿಗೆ, ದರಗು (ಉದುರಿದ ಎಲೆ), ಏನೇ ಒಣಗಬೇಕಿದ್ದರೂ ಈ ಬಿಸಿಲಲ್ಲೇ ಒಣಗಬೇಕು.

ಈ ಬಿಸಿಲಿಗೂ ರಾತ್ರಿಯ ಚಳಿಗೂ ಕಾರಣ ಒಂದೇ. ಈ ದಿನಗಳಲ್ಲಿ ಗಾಳಿ ಮೂಡಲ ಕಡೆಯಿಂದ, ಬಯಲುಸೀಮೆ ದಾಟಿ ಬರುತ್ತದೆ. ಅದರಲ್ಲಿ ಪಸೆ ಕಡಿಮೆ. ಮೋಡ ಕಟ್ಟುವುದಿಲ್ಲ. ಹಗಲು ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ರಾತ್ರಿ ಆ ಶಾಖವನ್ನು ತಡೆದು ನಿಲ್ಲಿಸಲು ಮೇಲೆ ಮೋಡ ಇಲ್ಲದ ಕಾರಣ ಎಲ್ಲವೂ ಆಕಾಶಕ್ಕೆ ಹೋಗಿಬಿಡುತ್ತದೆ. ಮಣ್ಣು ಒಣಗಿದಷ್ಟೂ ಕಾಯುವುದೂ ಬೇಗ, ತಣಿಯುವುದೂ ಬೇಗ. ಹಾಗಾಗಿಯೇ ಡಿಸೆಂಬರ್‌ಗಿಂತ ಫೆಬ್ರವರಿಯಲ್ಲಿ ಹಗಲಿಗೂ ರಾತ್ರಿಗೂ ಜಾಸ್ತಿ ಅಂತರ ಕಾಣುತ್ತದೆ.

ಇನ್ನೊಂದು ವಿಷಯ, ತಣ್ಣನೆ ಗಾಳಿ ಭಾರ. ಅದು ಗುಡ್ಡದ ಮೇಲಿಂದ ನೀರು ಇಳಿದ ಹಾಗೆ ಕಣಿವೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಅಡಿಕೆ ತೋಟ ಇರುವುದೇ ಕಣಿವೆಯಲ್ಲಿ, ಮನೆ ಇರುವುದು ಸ್ವಲ್ಪ ಮೇಲೆ. ಬೆಳಿಗ್ಗೆ ಮನೆಯಿಂದ ತೋಟಕ್ಕೆ ಇಳಿಯುವಾಗ ಅರ್ಧ ದಾರಿಯಲ್ಲಿ ಒಂದು ಕಡೆ ಥಟ್ಟನೆ ಮೊಣಕಾಲಿಗೆ ಚಳಿ ಹೊಡೆಯುತ್ತದೆ. ಅಲ್ಲಿಂದ ಕೆಳಗೆ ಪೂರ್ತಿ ಬೇರೆಯದೇ ಹವೆ. ಬಚ್ಚಲ ಒಲೆಯ ಹೊಗೆ ಕೂಡ ಆಗ ಮೇಲೆ ಹೋಗುವುದಿಲ್ಲ, ತೋಟದ ತಲೆಯ ಮಟ್ಟಕ್ಕೆ ಚಪ್ಪಟೆಯಾಗಿ ಹರಡಿ ಒಂಬತ್ತು ಗಂಟೆಯವರೆಗೆ ಹಾಗೇ ನಿಂತಿರುತ್ತದೆ. ಬಿಸಿಲು ಕಣಿವೆಯ ತಳ ಮುಟ್ಟಿದ ಮೇಲೆಯೇ ಅದು ಕದಲುವುದು. ಒಂದೇ ಊರಿನಲ್ಲಿ ಎರಡು ಮನೆಯವರು ಚಳಿ ಎಷ್ಟು ಅಂತ ವಾದ ಮಾಡಿದರೆ ಇಬ್ಬರೂ ಸರಿಯೇ ಇರಬಹುದು.

ಬೆಂಗಳೂರಿನವರು ಆಗಾಗ ಕೇಳುತ್ತಾರೆ, ಕರ್ನಾಟಕದಲ್ಲಿ ಅದೆಂಥ ಚಳಿ ಅಂತ. ಅವರ ಊರಿನಲ್ಲೇ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿದೆ. ಅಲ್ಲಿ ಇವತ್ತಿನವರೆಗೂ ಅದೇ ಅತಿ ಕಡಿಮೆ. ಬೀದರ್, ವಿಜಯಪುರದ ಕಡೆ ಈಗಲೂ ಕೆಲವು ವರ್ಷ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಹಿಮ ಬೀಳದಿದ್ದರೆ ಚಳಿಯೇ ಅಲ್ಲ ಅನ್ನುವುದು ತಪ್ಪು. ಹಂಚಿನ ಮನೆಯಲ್ಲಿ, ಗೋಡೆಗೂ ಮಾಡಿಗೂ ನಡುವೆ ಅಂಗೈ ಅಗಲ ಕಿಂಡಿ ಇರುವ ಕೋಣೆಯಲ್ಲಿ ಮಲಗಿದವರಿಗೆ ಹದಿಮೂರು ಡಿಗ್ರಿಯೂ ಚಳಿಯೇ. ನಮ್ಮ ಮನೆಗಳನ್ನು ಕಟ್ಟಿರುವುದು ಮಳೆ ತಡೆಯುವುದಕ್ಕೆ. ಚಳಿಗೆ ಅವು ಎಲ್ಲ ಕಡೆ ತೆರೆದೇ ಇರುತ್ತವೆ.

ಈಗ ಅಡಿಕೆ ವಿಷಯಕ್ಕೆ ಬರೋಣ, ಈ ಕಾಲದ ದೊಡ್ಡ ಚಿಂತೆ ಅದೇ. ನಮ್ಮ ಕಡೆ ಹಸಿ ಅಡಿಕೆ ಸುಲಿದು, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಹಾಕಿ ಹಂಡೆಯಲ್ಲಿ ಬೇಯಿಸಿ, ಆಮೇಲೆ ಚಪ್ಪರದ ಮೇಲೆ ಒಣಗಿಸುತ್ತೇವೆ. ಮರದಿಂದ ಕಡೇ ಅಡಿಕೆ ಗೊನೆ ಇಳಿಯುವುದು ಈಗ. ಬೇಯಿಸಿದ ಅಡಿಕೆಗೆ ಒಂದು ವಾರ ಗಟ್ಟಿ ಬಿಸಿಲು ಬೇಕು, ದಪ್ಪ ಇದ್ದರೆ ಇನ್ನೂ ಜಾಸ್ತಿ. ಒಂದೆರಡು ಒಡೆದು ನೋಡಿದರೆ ಒಳಗೆ ಹಸಿ ಇರಬಾರದು, ಹಸಿ ಉಳಿದಿದ್ದನ್ನು ಚೀಲಕ್ಕೆ ತುಂಬಿದರೆ ಮಳೆಗಾಲ ಬರುವ ಮೊದಲೇ ಬೂಷ್ಟು ಹಿಡಿಯುತ್ತದೆ. ಹಗಲು ಬಿಸಿಲು ಎಷ್ಟೇ ಇದ್ದರೂ ರಾತ್ರಿ ಇಬ್ಬನಿ ಬೀಳುತ್ತದೆ. ಹಾಗಾಗಿ ಸಂಜೆ ಬಿಸಿಲು ಇಳಿಯುವ ಮುಂಚೆ, ಅಡಿಕೆ ಇನ್ನೂ ಬೆಚ್ಚಗಿರುವಾಗಲೇ ಅದನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಬೆಳಿಗ್ಗೆ ಟಾರ್ಪಾಲಿನ ಅಂಚು ಎತ್ತಿದರೆ ಮಡಿಕೆಯಲ್ಲಿ ನಿಂತ ನೀರು ಸುರಿಯುತ್ತದೆ, ಅದು ಅಡಿಕೆ ಮೇಲೆ ಬೀಳದ ಹಾಗೆ ಇಬ್ಬರು ಎರಡು ಕಡೆ ಹಿಡಿದು ಮಡಚಬೇಕು. ಇದನ್ನು ಒಬ್ಬರೇ ಮಾಡಲು ಹೋಗಬಾರದು. ಟಾರ್ಪಾಲು ತೆಗೆಯುವುದೂ ಸೂರ್ಯ ಬಂದ ತಕ್ಷಣ ಅಲ್ಲ. ಸುತ್ತಲಿನ ಹುಲ್ಲಿನ ಇಬ್ಬನಿ ಆರಬೇಕು. ನಮ್ಮಲ್ಲಿ ಅದು ಒಂಬತ್ತು ಗಂಟೆಯ ಮೇಲೆ.

ಮೋಡ ಬಂದರೆ ಎಲ್ಲ ಕೆಟ್ಟಿತು. ಈ ಕಾಲದಲ್ಲಿ ಮೋಡ ಬಂದರೆ ರಾತ್ರಿ ಚಳಿ ಕಡಿಮೆಯಾಗುತ್ತದೆ, ಮಲಗಲು ಹಿತ. ಆದರೆ ಬೆಳಿಗ್ಗೆ ಎದ್ದು "ಇವತ್ತು ಚಳಿ ಇಲ್ಲ" ಅನ್ನಿಸಿದ ಕೂಡಲೇ ನಮ್ಮ ಅಪ್ಪಯ್ಯ ಅಂಗಳಕ್ಕೆ ಹೋಗಿ ಆಕಾಶ ನೋಡುತ್ತಿದ್ದರು. ಈಗ ನಾನೂ ಅದನ್ನೇ ಮಾಡುತ್ತೇನೆ. ಚಳಿ ಇದ್ದರೆ ಅಡಿಕೆಗೆ ಒಳ್ಳೆಯದು ಅನ್ನುವುದು ಮೈಗೆ ಒಗ್ಗಿಹೋದ ಲೆಕ್ಕ.

2021ರ ಜನವರಿ ಇಲ್ಲಿ ಯಾರಿಗೂ ಮರೆತಿಲ್ಲ. ಸಂಕ್ರಾಂತಿಗೆ ಮುಂಚೆಯೇ ಮಲೆನಾಡಿನಲ್ಲಿ ಜೋರು ಮಳೆ ಬಂತು. ಅಡಿಕೆಯವರಿಗೆ ಕಷ್ಟ ಆಯ್ತು, ಕಾಫಿಯವರಿಗೆ ಅದಕ್ಕಿಂತ ಜಾಸ್ತಿ. ನಮ್ಮ ಅಕ್ಕನ ಮನೆ ಮೂಡಿಗೆರೆ ಕಡೆ, ಭಾವ ಫೋನಿನಲ್ಲಿ ಮಾತೇ ಆಡುತ್ತಿರಲಿಲ್ಲ. ಕಾಫಿ ಗಿಡದ ಮೊಗ್ಗು ಚಳಿಗಾಲದ ಒಣಹವೆಯಲ್ಲಿ ಮಲಗಿರುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ ಒಂದಿಂಚು ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅದಕ್ಕೇ ಅದನ್ನು ಹೂ ಮಳೆ ಅನ್ನುವುದು. ಅದೇ ಮಳೆ ಜನವರಿಯಲ್ಲಿ ಬಂದರೆ ಹಣ್ಣು ಇನ್ನೂ ಗಿಡದಲ್ಲೇ ಇರುವಾಗ ಹೂ ಬಿಡುತ್ತದೆ. ಆಗ ಹಣ್ಣು ಕುಯ್ಯಲು ಹೋದರೆ ಹೂ ಉದುರುತ್ತದೆ, ಕುಯ್ಯದೆ ಬಿಟ್ಟರೆ ಹಣ್ಣು ಉದುರುತ್ತದೆ. ಕಣದಲ್ಲಿ ಹರಡಿದ ಕಾಫಿ ಬೇರೆ ಒದ್ದೆ. ವರ್ಷದ ದುಡಿಮೆಯ ಜೊತೆಗೆ ಮುಂದಿನ ವರ್ಷದ ಫಸಲಿಗೂ ಪೆಟ್ಟು. ಚಳಿಗಾಲದ ಕೊನೆಯ ಹವಾಮಾನ ವರದಿಯನ್ನು ನಾವು ಇಷ್ಟು ಗಮನ ಕೊಟ್ಟು ನೋಡುವುದು ಸುಮ್ನೆ ಅಲ್ಲ.

ಮಾವಿನದೂ ಇದೇ ಕಥೆ. ರಾತ್ರಿ ಚಳಿ ಚೆನ್ನಾಗಿ ಬಿದ್ದರೆ ಮಾವು ಹೂ ಬಿಡುತ್ತದೆ. ಹೂ ಬಿಟ್ಟ ಮೇಲೆ ಮೋಡ, ಮಂಜು ಜಾಸ್ತಿಯಾದರೆ ಬೂದಿ ರೋಗ, ಜಿಗಿಹುಳು, ಹೂವೆಲ್ಲ ಕಪ್ಪಾಗಿ ಉದುರುತ್ತದೆ. ಶರಾವತಿ, ಅಘನಾಶಿನಿ ಹೊಳೆ ಬದಿಯ ಅಪ್ಪೆಮಿಡಿ ಮರಗಳನ್ನು ನಂಬಿಕೊಂಡವರು ಈ ವಾರ ಬರೀ ಮರ ನೋಡಿಕೊಂಡು ಓಡಾಡುತ್ತಿದ್ದಾರೆ. ಈ ಸಲ ನಮ್ಮ ಹತ್ತಿರದ ಮರಗಳಲ್ಲಿ ಹೂ ಒಂದೇ ಕಡೆ ಬಂದಿದೆ, ಇನ್ನೊಂದು ಕಡೆ ಕೆಂಪು ಚಿಗುರು. ಮಿಡಿ ಕಡಿಮೆ ಅಂತಲೇ ಕಾಣುತ್ತದೆ. ಉಪ್ಪಿನಕಾಯಿಗೆ ಬೇಕಾದವರು ಈಗಲೇ ಯಾರಿಗಾದರೂ ಹೇಳಿಟ್ಟುಕೊಳ್ಳಿ.

ಮನೆಯೊಳಗಿನ ತಯಾರಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕಟ್ಟಿಗೆ. ಗ್ಯಾಸ್ ಬಂದರೂ, ಸೋಲಾರ್ ಬಂದರೂ ನಮ್ಮ ಕಡೆ ಬಚ್ಚಲ ಒಲೆ ಹೋಗಿಲ್ಲ. ಮಳೆಗಾಲದಲ್ಲಿ ಸೋಲಾರ್ ಬಿಸಿಯಾಗುವುದಿಲ್ಲ, ಕರೆಂಟು ಇರುವುದಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಐದೂವರೆಗೆ ಬಿಸಿನೀರು ಬೇಕು ಅಂದರೆ ಹಂಡೆಯೇ ಗತಿ. ಹಸಿ ಸೌದೆ ಉರಿಯುವುದಿಲ್ಲ, ಅದರೊಳಗಿನ ನೀರು ಆವಿಯಾಗುವುದಕ್ಕೇ ಎಷ್ಟೋ ಬೆಂಕಿ ಹೋಗುತ್ತದೆ, ಹಂಡೆ ಕಾಯುವಷ್ಟರಲ್ಲಿ ಬಚ್ಚಲೆಲ್ಲ ಹೊಗೆ, ಕಣ್ಣೆಲ್ಲ ನೀರು. ಈಗ ಕಡಿದು ಸೀಳಿದ ಸೌದೆ ಮಾಗಿ ಬಿಸಿಲು, ಬೇಸಿಗೆ ಬಿಸಿಲು ಎರಡೂ ಕಂಡು ಮೇ ಕೊನೆಗೆ ಒಳಗೆ ಸೇರಿದರೆ ಮಳೆಗಾಲಕ್ಕೂ ಆಯ್ತು, ಮುಂದಿನ ಚಳಿಗೂ ಆಯ್ತು. ಏಪ್ರಿಲ್ ಕೊನೆಗೆ ಕಡಿದ ಸೌದೆ ಅಕ್ಟೋಬರ್‌ನಲ್ಲೂ ಹೊಗೆಯಾಡುತ್ತದೆ.

ಸೀಳುವುದು ಮುಖ್ಯ. ಇಡೀ ದಿಮ್ಮಿ ಸಿಪ್ಪೆಯ ಸಮೇತ ಬಿದ್ದಿದ್ದರೆ ಅದು ಎರಡೂ ತುದಿಯಿಂದ ನಿಧಾನಕ್ಕೆ ಒಣಗುತ್ತದೆ, ಸೀಳಿದರೆ ಮೈಯೆಲ್ಲ ಗಾಳಿಗೆ ಬೀಳುತ್ತದೆ. ನೆಲಕ್ಕೆ ತಾಗಿಸಿ ಪೇರಿಸಬೇಡಿ, ಕೆಳಗೆ ಎರಡು ಸಾಲು ಕಲ್ಲೋ ಅಡಿಕೆ ದಬ್ಬೆಯೋ ಇಡಿ, ಇಲ್ಲದಿದ್ದರೆ ಗೆದ್ದಲು ಬರುತ್ತದೆ. ಗೋಡೆಗೂ ಒತ್ತಿ ಇಡಬೇಡಿ, ಹಿಂದೆ ಗಾಳಿ ಆಡಲಿ. ಒಣಗಿದೆಯೋ ಇಲ್ಲವೋ ನೋಡಲು ಎರಡು ತುಂಡು ಒಂದಕ್ಕೊಂದು ಬಡಿದರೆ ಸಾಕು. ಹಸಿಯದು ಡಬ್ ಅನ್ನುತ್ತದೆ, ಒಣಗಿದ್ದು ಠಣ್ ಅನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು. ಆಮೇಲೆ, ಪೇರಿಸಿದ ರಾಶಿಯಿಂದ ಕಟ್ಟಿಗೆ ತೆಗೆಯುವಾಗ ಕೈ ಒಳಗೆ ತೂರಿಸಬೇಡಿ. ಬೆಚ್ಚಗಿನ ಜಾಗ ಅಂತ ಚೇಳು, ಹಾವು ಸೇರಿಕೊಂಡಿರುತ್ತವೆ. ಮಕ್ಕಳನ್ನು ಕಟ್ಟಿಗೆ ತರಲು ಕಳಿಸುವಾಗ ಇದನ್ನು ಹೇಳಿಯೇ ಕಳಿಸಿ.

ಒಲೆ ಹೊತ್ತಿಸಲು ಅಡಿಕೆ ಸಿಪ್ಪೆ, ಅಡಿಕೆ ಹಾಳೆ, ಕರಟ ಎಲ್ಲ ಈಗ ಬೇಕಾದಷ್ಟು. ಅಂಗಳದಲ್ಲಿ ಬಿದ್ದಿರುವಾಗ ಅದಕ್ಕೆ ಬೆಲೆ ಕಾಣುವುದಿಲ್ಲ, ಜುಲೈನಲ್ಲಿ ಒಂದು ಒಣ ಹಾಳೆಗೆ ಮನೆಯೆಲ್ಲ ಹುಡುಕುತ್ತೇವೆ. ಎರಡು ಗೋಣಿಚೀಲ ತುಂಬಿ ಅಟ್ಟಕ್ಕೆ ಹಾಕಿಬಿಡಿ.

ಅಡುಗೆಮನೆಯಲ್ಲಿ ಚಳಿ ಎಷ್ಟಿದೆ ಅಂತ ಹೇಳುವುದು ಕೊಬ್ಬರಿ ಎಣ್ಣೆ ಬಾಟಲಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಬಾಟಲಿ ಹಗಲಲ್ಲೂ ಬಿಳಿಯಾಗಿಯೇ ಇತ್ತು. ಈಗ ಬೆಳಿಗ್ಗೆ ತಳದಿಂದ ಬಾಯಿಯವರೆಗೆ ಗಟ್ಟಿ, ಹತ್ತು ಗಂಟೆಗೆ ಗಾಜಿನ ಅಂಚಿನಲ್ಲಿ ತೆಳ್ಳಗೆ ಕರಗಿ ನಡುವೆ ಒಂದು ಬಿಳಿ ಕಂಬ ನಿಂತಿರುತ್ತದೆ, ಊಟದ ಹೊತ್ತಿಗೆ ಪೂರ್ತಿ ತಿಳಿ. ಅಗಲ ಬಾಯಿಯ ಬಾಟಲಿಗೆ ಹಾಕಿಟ್ಟರೆ ಚಮಚದಲ್ಲಿ ತೆಗೆಯಬಹುದು. ಪ್ಲಾಸ್ಟಿಕ್ ಬಾಟಲಿಯನ್ನು ಒಲೆಕಟ್ಟೆ ಮೇಲೆ ಇಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ, ಬಿಸಿನೀರಿನ ಪಾತ್ರೆಯಲ್ಲಿ ಎರಡು ನಿಮಿಷ ನಿಲ್ಲಿಸಿದರೆ ಸಾಕು.

ಮೊಸರು ಹೆಪ್ಪಾಗದಿರುವುದು, ದೋಸೆ ಹಿಟ್ಟು ಹುಳಿ ಬರದಿರುವುದು ಈಗಲೂ ಮನೆಮನೆಯ ದೂರು. ಹಗಲು ಸೆಕೆ ಅಂತ ನಂಬಿ ಹೆಪ್ಪು ಕಡಿಮೆ ಹಾಕುತ್ತೇವೆ, ರಾತ್ರಿ ತಣ್ಣಗಾಗಿ ಹಾಲು ಹಾಲಾಗಿಯೇ ಉಳಿಯುತ್ತದೆ. ಅಮ್ಮ ಹಾಲು ಉಗುರು ಬೆಚ್ಚಗಿರುವಾಗಲೇ ಹೆಪ್ಪು ಸ್ವಲ್ಪ ಜಾಸ್ತಿ ಹಾಕಿ, ಪಾತ್ರೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ ಕೂರಿಸುತ್ತಾರೆ. ಹಿಟ್ಟಿನ ಪಾತ್ರೆ ಬಚ್ಚಲ ಒಲೆಯ ಹಿಂದಿನ ಕಟ್ಟೆಗೆ ಹೋಗುತ್ತದೆ. ಬೆಂಕಿ ಆರಿದ ಮೇಲೂ ಆ ಕಟ್ಟೆ ಬೆಳಗಿನವರೆಗೆ ಬೆಚ್ಚಗಿರುತ್ತದೆ.

ಮೈ ಒಡೆಯುವುದು ಡಿಸೆಂಬರ್‌ಗಿಂತ ಈಗಲೇ ಜಾಸ್ತಿ. ಚಳಿಗಿಂತ ಒಣಗಾಳಿಯೇ ಅದಕ್ಕೆ ಕಾರಣ. ತುಟಿ, ಹಿಮ್ಮಡಿ, ಬೆರಳ ತುದಿ. ಅಡಿಕೆ ಸುಲಿಯುವವರ ಕೈ ನೋಡಿದರೆ ಸಂಕಟ ಆಗುತ್ತದೆ, ಚೊಗರಿನ ಕಪ್ಪು ಬಿರುಕಿನೊಳಗೆ ಇಳಿದು ಗೆರೆಗೆರೆಯಾಗಿರುತ್ತದೆ. ನಮ್ಮ ಕಡೆ ಇದಕ್ಕೆ ಮುರುಗಲು (ಪುನರ್ಪುಳಿ, ಕೋಕಂ) ತುಪ್ಪ. ಮುರುಗಲ ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ, ಅದನ್ನು ತೆಗೆದು ಉಂಡೆ ಕಟ್ಟಿಡುತ್ತಾರೆ. ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ದೀಪಕ್ಕೆ ಹಿಡಿದು ಒಂದು ತೊಟ್ಟು ಕರಗಿಸಿ ರಾತ್ರಿ ಬಿರುಕಿಗೆ ಹಚ್ಚಿದರೆ ನಾಲ್ಕೈದು ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಅಂಗಡಿಯ ಯಾವ ಕ್ರೀಮಿಗೂ ನಾನು ಇದನ್ನು ಬಿಟ್ಟುಕೊಡುವುದಿಲ್ಲ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಿಪ್ಪೆ ಒಣಗಿಸುವಾಗ ಬೀಜ ಎಸೆಯಬೇಡಿ, ಮುಂದಿನ ಚಳಿಯ ತುಪ್ಪ ಅದರಲ್ಲೇ ಇದೆ. ಅದರದೇ ಜಾತಿಯ ಉಪ್ಪಾಗೆ ಬೀಜದಿಂದಲೂ ಹೀಗೇ ತುಪ್ಪ ತೆಗೆಯುತ್ತಾರೆ.

ಈ ಕಾಲದಲ್ಲಿ ಒಳ್ಳೆಯದೂ ಬೇಕಾದಷ್ಟಿದೆ. ಆಲೆಮನೆಗಳು ಶುರುವಾಗಿವೆ. ರಾತ್ರಿ ಚಳಿಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತು, ಶುಂಠಿ ನಿಂಬೆ ಹಿಂಡಿದ ಕಬ್ಬಿನ ಹಾಲು ಕುಡಿಯುತ್ತಾ, ಮಂಡಕ್ಕಿ ಮೆಣಸಿನಕಾಯಿ ಬೋಂಡ ತಿನ್ನುವ ಸುಖ ಬೇರೆ ಯಾವ ಕಾಲಕ್ಕೂ ಇಲ್ಲ. ಜೋನಿಬೆಲ್ಲ ಡಬ್ಬಿ ತುಂಬಿಸಿಕೊಂಡರೆ ವರ್ಷಪೂರ್ತಿ ದೋಸೆಗೆ ಆಯ್ತು. ಕಷಾಯದ ಪುಡಿಗೂ ಇದೇ ಹೊತ್ತು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಹೊಸ ಕಾಳುಮೆಣಸು, ಒಣಶುಂಠಿ ಎಲ್ಲ ಈ ಬಿಸಿಲಿನಲ್ಲಿ ಗರಿಗರಿ ಮಾಡಿ ಪುಡಿ ಮಾಡಿಟ್ಟರೆ ಮುಗ್ಗುವುದಿಲ್ಲ.

ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಜೀವದ ವಿಷಯ ಅದು.

ಒಂದು, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಬಾಣಂತಿ ಕೋಣೆಗೆ, ವಯಸ್ಸಾದವರ ಕೋಣೆಗೆ ಅಗ್ಗಿಷ್ಟಿಕೆ ಇಡುವ ಪದ್ಧತಿ ಹಳೆಯದು, ನಿಜ. ಆದರೆ ಹಳೆಯ ಮನೆಗಳಲ್ಲಿ ಮಾಡಿನ ಕಿಂಡಿಯಿಂದ ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ ಮನೆ, ಗಾಜಿನ ಕಿಟಕಿ, ಬಾಗಿಲ ಕೆಳಗೆ ಚಳಿ ಬರಬಾರದು ಅಂತ ಬಟ್ಟೆ ಒತ್ತುತ್ತೇವೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಬಿಡುತ್ತದೆ. ನಿದ್ದೆಯಲ್ಲಿರುವವರಿಗೆ ಏನೂ ಗೊತ್ತಾಗುವುದಿಲ್ಲ. ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟುಕೊಂಡವರಿಗೂ ಇದೇ ಮಾತು. ಕಿಟಕಿ ಮುಚ್ಚಿ ಸ್ನಾನ ಮಾಡಬೇಡಿ, ಆಗುವುದಾದರೆ ಗೀಸರನ್ನೇ ಹೊರಗಿನ ಗೋಡೆಗೆ ಹಾಕಿಸಿ. ಕೋಣೆ ಬೆಚ್ಚಗಾಗಬೇಕಿದ್ದರೆ ಮಲಗುವ ಮುಂಚೆ ಸ್ವಲ್ಪ ಹೊತ್ತು ಬಾಗಿಲು ತೆರೆದು ಕೆಂಡ ಇಟ್ಟು, ಆಮೇಲೆ ಹೊರಗೆ ಒಯ್ದುಬಿಡಿ. ಕಂಬಳಿಯನ್ನು ಹೊದೆಯುವುದರ ಜೊತೆಗೆ ಕೆಳಗೂ ಒಂದು ಹಾಸಿ. ತಣ್ಣನೆ ನೆಲದ ಮೇಲೆ ಚಾಪೆ ಹಾಕಿ ಮಲಗುವವರಿಗೆ ಅರ್ಧ ಚಳಿ ಕೆಳಗಿನಿಂದಲೇ ಬರುವುದು.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಇದನ್ನು ಮೊದಲು ಗುರುತಿಸಿದ್ದು, ಹಾಗಾಗಿ ಜಗತ್ತಿಗೆಲ್ಲ ಇದು ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಪಕ್ಕದ ಊರಿನ ಹೆಸರು ಹೀಗೆ ಆಗಿದ್ದಕ್ಕೆ ನನಗೆ ಚಿಕ್ಕಂದಿನಿಂದಲೂ ಬೇಸರ ಇದೆ. 2018ರ ಕೊನೆಯಿಂದ 2019ರವರೆಗೆ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತ ಎಷ್ಟು ಮನೆಗಳಲ್ಲಿ ದುಃಖ ಆಯ್ತು ಅಂತ ಈ ಕಡೆಯವರಿಗೆ ನೆನಪಿದೆ. ಇದು ವರ್ಷವಿಡೀ ಬರುವ ಕಾಯಿಲೆ ಅಲ್ಲ. ಮಳೆ ನಿಂತು ಕಾಡು ಒಣಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಹರಡುವುದು ಉಣುಗಿನಿಂದ (ಉಣ್ಣೆ ಹುಳು). ಪೂರ್ತಿ ಬೆಳೆದ ದೊಡ್ಡ ಉಣುಗಿಗಿಂತ ಸಾಸಿವೆ ಕಾಳಿಗಿಂತಲೂ ಸಣ್ಣಗಿರುವ ಮರಿ ಉಣುಗೇ ಮನುಷ್ಯರಿಗೆ ಹೆಚ್ಚು ಕಚ್ಚುವುದು, ಅದು ಜೋರಾಗಿ ಓಡಾಡುವುದು ಈ ಒಣ ತಿಂಗಳುಗಳಲ್ಲೇ.

ನಾವು ಬೆಟ್ಟಕ್ಕೆ ಹೋಗುವುದೂ ಈ ತಿಂಗಳುಗಳಲ್ಲೇ, ಅಲ್ವಾ? ಎಲೆ ಉದುರುವುದು ಈಗ. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ, ತೋಟಕ್ಕೆ ದರಗು ಗುಡಿಸಿ ತರಲೇಬೇಕು. ಮಳೆ ಬಿದ್ದ ಮೇಲೆ ಅದು ಕೊಳೆತುಹೋಗುತ್ತದೆ. ಬೆಂಕಿ ಬೀಳದ ಹಾಗೆ ಬೆಟ್ಟದ ಸುತ್ತ ಬೆಂಕಿ ರೇಖೆ ಕಡಿಯುವುದೂ ಈಗಲೇ. ಉಣುಗು ಇರುವುದೂ ಆ ದರಗಿನಲ್ಲೇ. ಹೋಗಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ, ಹೋಗದಿದ್ದರೆ ಕೊಟ್ಟಿಗೆ ನಡೆಯುವುದಿಲ್ಲ. ಆದರೆ ತಯಾರಾಗಿ ಹೋಗಿ. ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಕೊಡುತ್ತಾರೆ, ಅದನ್ನು ಮನೆಯಲ್ಲಿ ಗೂಡಿನಲ್ಲಿಟ್ಟರೆ ಪ್ರಯೋಜನ ಇಲ್ಲ, ಹೊರಡುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ. ತುಂಬು ತೋಳಿನ ಅಂಗಿ, ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಮಧ್ಯೆ ಬೀಡಿಗೋ ನೀರಿಗೋ ನೆಲದ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಇನ್ನೊಬ್ಬರಿಂದ ನೋಡಿಸಿಕೊಳ್ಳಿ. ದನಗಳು ಬೆಟ್ಟಕ್ಕೆ ಹೋಗಿ ಬರುತ್ತಿದ್ದರೆ ಅವುಗಳ ಮೈಯಿಂದಲೂ ಉಣುಗು ಮನೆಯವರೆಗೆ ಬರುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ ಅವಕ್ಕೂ ಔಷಧಿ ಹಚ್ಚಿ.

ಮುಸುವವೋ ಮಂಗವೋ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ. ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಸುತ್ತಲೂ ಹರಡುತ್ತವೆ, ಆ ಜಾಗವೇ ಎಲ್ಲಕ್ಕಿಂತ ಅಪಾಯ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಆಶಾ ಕಾರ್ಯಕರ್ತೆಗೋ ಅವತ್ತೇ ಹೇಳಿ. ಬೆಟ್ಟಕ್ಕೆ ಹೋಗಿಬಂದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿಯುವ ನೋವು, ಸೊಂಟ, ಮಾಂಸಖಂಡ ಹಿಡಿದುಕೊಂಡರೆ "ಮಾಗಿ ಚಳಿಗೆ ಬಂದ ಜ್ವರ" ಅಂತ ಕಷಾಯ ಕುಡಿದು ಮಲಗಬೇಡಿ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗಬಹುದು, ಕೆಲವು ಮಾತ್ರೆಗಳು ಅದನ್ನು ಜಾಸ್ತಿ ಮಾಡುತ್ತವೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದನ್ನೇ ಕೊಲ್ಲುವ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತದೊತ್ತಡ ನೋಡಿಕೊಂಡು ಉಳಿಸುತ್ತಾರೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ, ಹಾಗಾಗಿ ಜ್ವರ ಬಂದವರ ಮನೆಗೆ ಹೋಗಲು ಹೆದರಬೇಡಿ, ಅವರನ್ನು ದೂರ ಇಡಬೇಡಿ. ಆಸ್ಪತ್ರೆಗೆ ಹೋದಾಗ ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು ಅಂತ ಡಾಕ್ಟರಿಗೆ ಕೇಳದಿದ್ದರೂ ನೀವಾಗಿಯೇ ಹೇಳಿ.